ಸ್ಟಾರ್ಟ್ ಆದರೆ ಸಾಲದು, ಅಳಿವೆಯಲ್ಲಿ ನಿಲ್ಲಬಾರದು

ದುದ್ದದ ಪಂಪ್‌ಸೆಟ್ ಅಂಗಡಿಯಲ್ಲಿ ರಿಪೇರಿಯಾದ ಒಂದು ನಾಡದೋಣಿ ಮೋಟಾರ್

ಹಾಸನ ತಾಲೂಕಿನ ದುದ್ದಕ್ಕೂ ಕಡಲಿಗೂ ನಡುವೆ ಇಡೀ ಶಿರಾಡಿ ಘಾಟ್ ಇದೆ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ಇಲ್ಲಿ ಮೀನು ಅಂದರೆ ಐಸ್ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆ. ಇಲ್ಲವಾದರೆ ಕೆರೆಯ ಕಾಟ್ಲಾ, ರೋಹು. ದೋಣಿಗೆ ಕಟ್ಟುವ ಮೋಟಾರನ್ನು ಇಲ್ಲಿಯ ಹೆಚ್ಚಿನವರು ಹತ್ತಿರದಿಂದ ನೋಡಿದವರಲ್ಲ. ಹಾಗಿರುವಾಗ ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಅಂಗಡಿಯ ಮುಂದೆ ಒಂದು ಔಟ್‌ಬೋರ್ಡ್ ಮೋಟಾರ್ ಮರದ ಕುದುರೆಯ ಮೇಲೆ ಆರು ವಾರ ನಿಂತಿತ್ತು. ಸಂತೆಗೆ ಬಂದವರೆಲ್ಲ ನಿಂತು ಕೇಳಿ ಹೋದರು.

ಘಟ್ಟದ ಮೇಲೆ ವ್ಯಾಪಾರಕ್ಕೆ ಬಂದು ನೆಲೆಸಿದ ಬ್ಯಾರಿ ಕುಟುಂಬಗಳು ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯೆಲ್ಲ ಇವೆ. ನಾವೂ ಅಂಥವರೇ. ಅಣ್ಣ ತಮ್ಮ ಇಬ್ಬರೂ ದುದ್ದದಲ್ಲಿ ಪಂಪ್‌ಸೆಟ್, ಔಷಧಿ ಹೊಡೆಯುವ ಮಿಷನ್, ಹಳೆಯ ಟೂ ಸ್ಟ್ರೋಕ್ ಬೈಕ್ ರಿಪೇರಿ ಮಾಡಿಕೊಂಡು ಇದ್ದೇವೆ. ಉಮ್ಮನ ಕಡೆಯವರು ಮಾತ್ರ ಈಗಲೂ ಕಡಲ ಬದಿಯಲ್ಲೇ. ಮಾಮನದ್ದು ನಾಡದೋಣಿ. ಮಾಮನಿಗೆ ಪ್ರಾಯವಾಗಿ ದೋಣಿ ದಡ ಸೇರಿದ ಮೇಲೆ ಮೋಟಾರ್ ನಾಲ್ಕು ವರ್ಷ ಹಿಂಬದಿಯ ಚಾಯ್ಪಿನಲ್ಲಿ ಗೋಣಿ ಹೊದ್ದು ಮಲಗಿತ್ತು. ಈಗ ಮಾಮನ ಮಗ ದೋಣಿ ಇಳಿಸಬೇಕೆಂದು ಹೊರಟ. ಹೊಸ ಮೋಟಾರಿಗೆ ಲಕ್ಷದ ಲೆಕ್ಕ. ಕೈಯಲ್ಲಿ ಅಷ್ಟಿಲ್ಲ, ಬಡ್ಡಿಗೆ ತರಲು ಮನೆಯವರಿಗೆ ಮನಸ್ಸಿಲ್ಲ. ಸೀಸನ್ ಹತ್ತಿರ ಬಂದಿದ್ದರಿಂದ ಅಲ್ಲಿಯ ಮೇಸ್ತ್ರಿಗಳ ಕೈಯಲ್ಲಿ ಪುರುಸೊತ್ತಿಲ್ಲ. ಹಾಗೆ ಹಳೆಯ ಮೋಟಾರ್ ಖಾಲಿ ಮೀನಿನ ಲಾರಿಯಲ್ಲಿ ಘಾಟಿ ಹತ್ತಿತು.

ಈ ರಿಪೇರಿಯಲ್ಲಿ ನಾವು ಕಂಡದ್ದನ್ನು, ಬೆಂಗ್ರೆಯ ಒಬ್ಬರು ಹಳೆಯ ಮೇಸ್ತ್ರಿ ಕಾಕ ಫೋನಿನಲ್ಲಿ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯ ಹಿಂದೆಯೂ ಇಂಥದ್ದೊಂದು ಮೋಟಾರ್ ಮಲಗಿದ್ದರೆ ಉಪಯೋಗಕ್ಕೆ ಬರಬಹುದು.

10 ಅಶ್ವಶಕ್ತಿಯ ಲೆಕ್ಕ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲ ದಕ್ಕೆಯಲ್ಲೇ. ಈ ಎರಡು ತಿಂಗಳು ಕಡಲಿಗಿಳಿಯಲು ಅವಕಾಶ ಇರುವುದು ನಾಡದೋಣಿಗಳಿಗೆ. ಅದೂ ಮೋಟಾರ್ 10 ಅಶ್ವಶಕ್ತಿ ಮೀರಬಾರದು. ಅದಕ್ಕೇ ನಮ್ಮ ಕಡೆಯ ದೋಣಿಗಳಲ್ಲಿ 8, 9.9 ಅಶ್ವಶಕ್ತಿಯ ಮೋಟಾರುಗಳೇ ಹೆಚ್ಚು ಕಾಣುವುದು. ದೊಡ್ಡ ಬೋಟುಗಳು ಇಲ್ಲದ ಹೊತ್ತಲ್ಲಿ ಮೀನಿಗೆ ಒಳ್ಳೆಯ ರೇಟು. ನಾಡದೋಣಿಯ ಮನೆಗೆ ವರ್ಷದ ದೊಡ್ಡ ದುಡಿಮೆ ಆಗಲೇ.

ಆದರೆ ಕಡಲು ಅತಿ ಕೆಟ್ಟಿರುವುದೂ ಆಗಲೇ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಒಂದಾಗಿ ಕಡಲು ಸೇರುವ ಅಳಿವೆ ಬಾಗಿಲನ್ನು ಉಳ್ಳಾಲ, ಬೆಂಗ್ರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೇಲಿಂದ ಹೊಳೆಯ ನೆರೆ ನೀರು, ಎದುರಿಂದ ಕಡಲ ತೆರೆ, ಅಡಿಯಲ್ಲಿ ಮರಳಿನ ದಿಬ್ಬ. ಅಲ್ಲಿ ಮೋಟಾರ್ ಓಡುತ್ತಿರುವಷ್ಟು ಹೊತ್ತು ದೋಣಿಯ ಮೂತಿ ತೆರೆಗೆ ಎದುರಾಗಿ ನಿಲ್ಲುತ್ತದೆ. ಮೋಟಾರ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದೇ ತೆರೆ ಸಾಕು.

ಮೋಟಾರ್ ದುದ್ದಕ್ಕೆ ಬಂದ ದಿನ ಮೇಸ್ತ್ರಿ ಕಾಕ ಫೋನಿನಲ್ಲಿ ಹೇಳಿದ ಮೊದಲ ಮಾತು ಇದೇ: "ಮೋನೇ, ಸ್ಟಾರ್ಟ್ ಮಾಡುವುದು ದೊಡ್ಡ ಸಂಗತಿ ಅಲ್ಲ. ಸ್ಟಾರ್ಟ್ ಆದ ಮೋಟಾರ್ ಅಳಿವೆಯಲ್ಲಿ ನಿಲ್ಲಬಾರದು. ಅಷ್ಟು ಗ್ಯಾರಂಟಿ ಇಲ್ಲದಿದ್ದರೆ ಅದನ್ನು ಗುಜರಿಗೆ ಹಾಕಿ." ಆಮೇಲಿನ ಪ್ರತಿ ಕೆಲಸಕ್ಕೂ ಇದೇ ಅಳತೆಗೋಲು.

ದುದ್ದದವರಿಗೆ ಗೊತ್ತಿದ್ದ ಅರ್ಧ

ಔಟ್‌ಬೋರ್ಡ್ ಮೋಟಾರಿನ ಕತೆ ಹಳೆಯದು. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್ರೂಡ್ ಎಂಬವರು 1909ರಲ್ಲಿ ತಮ್ಮ ಮೋಟಾರನ್ನು ಮಾರಾಟಕ್ಕೆ ತಂದರು. ಜಪಾನಿನ ಯಮಹಾ 1960ರಲ್ಲಿ, ಸುಜುಕಿ 1965ರಲ್ಲಿ ತಮ್ಮ ಮೊದಲ ಔಟ್‌ಬೋರ್ಡ್ ಹೊರತಂದವು. ನಮ್ಮ ಪಶ್ಚಿಮ ಕರಾವಳಿಯ ನಾಡದೋಣಿಗಳು ಹುಟ್ಟು, ಹಾಯಿ ಬಿಟ್ಟು ಮೋಟಾರಿಗೆ ತಿರುಗಿದ್ದು 1980ರ ದಶಕದಿಂದೀಚೆಗೆ. ಇಲ್ಲಿಗೆ ಬಂದವುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಚಿಮಿಣಿ ಎಣ್ಣೆಯಲ್ಲಿ ಓಡುವ ಟೂ ಸ್ಟ್ರೋಕ್ ಮೋಟಾರುಗಳು. ಹೆಸರು ಮಾಡಿದ ಎವಿನ್ರೂಡ್ ಮೋಟಾರುಗಳ ತಯಾರಿ 2020ರಲ್ಲಿ ನಿಂತೇ ಹೋಯಿತು. ಕಂಪೆನಿ ನಿಂತರೂ ಮೋಟಾರ್ ಉಳಿಯುತ್ತದೆ. ಅದನ್ನು ಓಡಿಸುವುದು ರಿಪೇರಿಯವನ ಕೈ, ಸಿಗುವ ಸ್ಪೇರ್ ಪಾರ್ಟ್.

ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಓಡಿಸುವುದು ಹಾಸನದ ರೈತರಿಗೆ ಹೊಸತಲ್ಲ. ಕೆರೆ, ಹಳ್ಳದಿಂದ ನೀರೆತ್ತುವ ಸಣ್ಣ ಪಂಪ್‌ಸೆಟ್ಟುಗಳು ಇದೇ ಉಪಾಯದವು. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗುವುದಿಲ್ಲ. ಇಂಜಿನ್ ಬಿಸಿಯಾದ ಮೇಲೆಯೇ ಅದು ಸರಿಯಾಗಿ ಉರಿಯುವುದು. ಹಾಗಾಗಿ ಮೊದಲು ಕೆಲವು ನಿಮಿಷ ಪೆಟ್ರೋಲು, ಆಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ನಿಂತು ಮರುದಿನ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ. ಇದಿಷ್ಟು ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದು ಎರಡು: ಉಪ್ಪು, ಮತ್ತೆ ನೀರಿನೊಳಗೆ ಮುಳುಗಿರುವ ಕೆಳಗಿನ ಭಾಗ.

ಹಗ್ಗ ಎಳೆಯುವ ಮೊದಲು

ನಾಲ್ಕು ವರ್ಷ ಮಲಗಿದ ಮೋಟಾರ್ ಕಂಡ ಕೂಡಲೇ ಹಗ್ಗ ಎಳೆದು ನೋಡಲು ಎಲ್ಲರಿಗೂ ಆಸೆ. ಹಾಗೆ ಮಾಡಬಾರದು. ಒಳಗೆ ಪಿಸ್ಟನ್ ರಿಂಗ್ ಸಿಲಿಂಡರಿಗೆ ಅಂಟಿರಬಹುದು. ಬಲ ಹಾಕಿದರೆ ರಿಂಗ್ ಮುರಿದು ಸಿಲಿಂಡರ್ ಗೀರುತ್ತದೆ. ಗೀರಿದ ಸಿಲಿಂಡರಿಗೆ ಬೋರಿಂಗ್ ಮಾಡಿಸಬೇಕು, ಓವರ್‌ಸೈಜ್ ಪಿಸ್ಟನ್ ಹುಡುಕಬೇಕು. ಖರ್ಚು ಅಲ್ಲಿಂದಲೇ ಏರುವುದು.

ಎರಡೂ ಪ್ಲಗ್ ಬಿಚ್ಚಿ ಒಳಗೆ ಡೀಸೆಲ್ ಮತ್ತು ಟೂಟಿ ಆಯಿಲ್ ಬೆರೆಸಿ ಎರಡೆರಡು ಚಮಚ ಬಿಟ್ಟೆವು. ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಮೇಲಿನ ಫ್ಲೈವೀಲನ್ನು ಕೈಯಲ್ಲೇ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ತಿರುಗಿಸಿದಾಗ ಬಿಟ್ಟುಕೊಂಡಿತು. ಪೂರ್ತಿ ಸುತ್ತು ಬಂದ ಮೇಲೆ ಕಂಪ್ರೆಷನ್ ಗೇಜ್ ಹಾಕಿದೆವು. ಒಂದು ಸಿಲಿಂಡರಿನಲ್ಲಿ 80 ಪೌಂಡ್, ಇನ್ನೊಂದರಲ್ಲಿ 50.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಚಿಮಿಣಿ ಎಣ್ಣೆಯ ಮೋಟಾರುಗಳ ಕಂಪ್ರೆಷನ್ ಪೆಟ್ರೋಲ್ ಮೋಟಾರುಗಳಿಗಿಂತ ಕಡಿಮೆಯೇ ಇರುತ್ತದೆ, ಹಾಗೆಂದೇ ಮಾಡಿರುತ್ತಾರೆ. ಹಾಗಾಗಿ 80 ಕಂಡು ಹೆದರಬೇಕಾಗಿಲ್ಲ. ಆದರೆ ಎರಡು ಸಿಲಿಂಡರುಗಳ ನಡುವೆ ಹತ್ತು ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. 50 ಅಂದರೆ ಒಂದು ಕಾಲು ಕುಂಟು. ದಡದಲ್ಲಿ ಅದು ಓಡಬಹುದು, ತೆರೆಗೆ ಎದುರಾಗಿ ಲೋಡು ಬಿದ್ದಾಗ ಬಸವಳಿಯುತ್ತದೆ.

ಹೆಡ್ ಬಿಚ್ಚಿದೆವು. ಸಿಲಿಂಡರ್ ಗೋಡೆ ನಯವಾಗಿಯೇ ಇತ್ತು. ಚಿಮಿಣಿ ಎಣ್ಣೆಯ ಮಸಿ ಗಟ್ಟಿಯಾಗಿ ರಿಂಗ್ ತನ್ನ ಗಾಡಿಯಲ್ಲೇ ಅಂಟಿ ಕುಳಿತಿತ್ತು. ಮಸಿ ಕೆರೆದು, ಪಿಸ್ಟನ್ ನೆನೆಹಾಕಿ, ಹೊಸ ರಿಂಗ್, ಹೊಸ ಹೆಡ್ ಗ್ಯಾಸ್ಕೆಟ್ ಹಾಕಿ ಮತ್ತೆ ನೋಡಿದಾಗ 80 ಮತ್ತು 76. ಈ ಮೋಟಾರಿಗೆ ದುಡ್ಡು ಹಾಕಬಹುದು ಎಂದು ನಾವು ನಿರ್ಧರಿಸಿದ್ದು ಆ ದಿನ.

ಉಪ್ಪು ಮಾಡುವ ಕೆಲಸ

ಕಬ್ಬಿಣಕ್ಕೆ ಕೆಂಪು ತುಕ್ಕು. ಅಲ್ಯೂಮಿನಿಯಮ್ಮಿಗೆ ಬಿಳಿ ಪುಡಿ. ಔಟ್‌ಬೋರ್ಡಿನ ಮೈ ಪೂರ್ತಿ ಅಲ್ಯೂಮಿನಿಯಂ, ಬೋಲ್ಟುಗಳು ಸ್ಟೀಲಿನವು. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಟ್ಟಿಗಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದನ್ನು ತಡೆಯಲು ಕೆಳಭಾಗದಲ್ಲಿ ಒಂದು ಸತುವಿನ ತುಂಡು ಕಟ್ಟಿರುತ್ತಾರೆ. ಮೋಟಾರಿನ ಮೈ ಸವೆಯುವ ಬದಲು ಆ ತುಂಡು ಸವೆಯುತ್ತದೆ. ಮಾಮನ ಮೋಟಾರಿನಲ್ಲಿ ಅದು ಕಡಲೆಬೀಜದಷ್ಟು ಉಳಿದಿತ್ತು. ಹೊಸತು ಹಾಕಿದೆವು. ಇದಕ್ಕೆ ಯಾವತ್ತೂ ಪೇಂಟ್ ಬಳಿಯಬಾರದು. ಪೇಂಟ್ ಬಳಿದರೆ ನೀರು ತಾಗುವುದಿಲ್ಲ, ಅದು ಇದ್ದೂ ಇಲ್ಲದ ಹಾಗೆ.

ಅಂಟಿದ ಬೋಲ್ಟ್ ಬಿಚ್ಚುವಾಗ ಅವಸರ ಮಾಡಿದರೆ ತಲೆ ತುಂಡಾಗುತ್ತದೆ. ನಾವು ಪ್ರತಿಯೊಂದಕ್ಕೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಸುತ್ತಲ ಅಲ್ಯೂಮಿನಿಯಂ ಬಿಸಿ ಮಾಡಿ, ಒಂದಿಷ್ಟು ಬಿಗಿ ಮಾಡಿ ಮತ್ತೆ ಸಡಿಲಿಸಿದೆವು. ಕೆಳಭಾಗದ ಒಂದು ಬೋಲ್ಟಿಗೇ ಎರಡು ದಿನ ಹಿಡಿಯಿತು. ಮತ್ತೆ ಕೂರಿಸುವಾಗ ಎಲ್ಲ ಬೋಲ್ಟುಗಳಿಗೂ ಗ್ರೀಸ್. ಮುಂದಿನ ವರ್ಷ ಬಿಚ್ಚುವವನಿಗೆ ಕಷ್ಟ ಆಗಬಾರದಲ್ಲ.

ಫ್ಲೈವೀಲ್ ಬಿಚ್ಚಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕ್ ಬಾಗುತ್ತದೆ. ಒಳಗೆ ಮ್ಯಾಗ್ನೆಟ್ ಕಾಯಿಲಿನ ಅರ್ತ್ ವಯರ್ ಕೂರುವ ಜಾಗದಲ್ಲಿ ಬಿಳಿ ಪುಡಿ ತುಂಬಿತ್ತು. ಕೆರೆದು ಶುಚಿ ಮಾಡಿ ಹೊಸ ಪ್ಲಗ್, ಹೊಸ ಪ್ಲಗ್ ಕ್ಯಾಪ್ ಹಾಕಿದ ಮೇಲೆ ಎರಡೂ ಕಡೆ ನೀಲಿ ಕಿಡಿ ಬಂತು. ಸ್ಪಾರ್ಕ್ ಇಲ್ಲ ಎಂದು ಕಾಯಿಲ್ ಬದಲಾಯಿಸುವ ಮೊದಲು ಅರ್ತ್ ನೋಡಿ. ಕಡಲ ಮೋಟಾರಿನಲ್ಲಿ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ಅಂಗೈಯಗಲದ ರಬ್ಬರ್

ಬೈಕಿನ ಇಂಜಿನ್ ಗಾಳಿಯಿಂದ ತಣಿಯುತ್ತದೆ, ದೋಣಿಯ ಮೋಟಾರ್ ನೀರಿನಿಂದ. ಕೆಳಗಿನ ಭಾಗದಲ್ಲಿ ಒಂದು ಸಣ್ಣ ಪಂಪ್. ಅದರೊಳಗೆ ಎಸಳುಗಳಿರುವ ಒಂದು ರಬ್ಬರ್ ಚಕ್ರ, ಇಂಪೆಲ್ಲರ್. ಅದು ತಿರುಗಿ ನೀರನ್ನು ಮೇಲೆ ತಳ್ಳುತ್ತದೆ. ನೀರು ಸಿಲಿಂಡರ್ ಸುತ್ತ ಹರಿದು ಬರುತ್ತದೆ. ಅದರಲ್ಲಿ ಸ್ವಲ್ಪ ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮುತ್ತದೆ. ಆ ಚಿಮ್ಮುವ ನೀರೇ ಮೋಟಾರಿನ ನಾಡಿ. ಅದು ನಿಂತರೆ ಕೂಡಲೇ ಮೋಟಾರ್ ನಿಲ್ಲಿಸಬೇಕು.

ಮಾಮನ ಮೋಟಾರಿನ ಇಂಪೆಲ್ಲರಿನಲ್ಲಿ ಎರಡು ಎಸಳು ಇರಲೇ ಇಲ್ಲ. ಉಳಿದವು ಒಂದೇ ಕಡೆ ಬಾಗಿ ಮರದ ಹಾಗೆ ಗಟ್ಟಿಯಾಗಿದ್ದವು. ಹೊಸತು ಹಾಕಿದರೆ ಮುಗಿಯಿತೆಂದು ನೀವು ಅಂದುಕೊಳ್ಳಬಹುದು. ಮೇಸ್ತ್ರಿ ಕಾಕ ಬಿಡಲಿಲ್ಲ. "ಮುರಿದ ಎರಡು ತುಂಡು ಎಲ್ಲಿ ಹೋಯಿತು? ಅದು ಸಿಗುವವರೆಗೆ ಕೂರಿಸಬೇಡಿ." ಒಂದು ತುಂಡು ನೀರಿನ ಕೊಳವೆಯ ಬುಡದಲ್ಲಿತ್ತು. ಇನ್ನೊಂದು ಮೇಲೆ ಥರ್ಮೋಸ್ಟಾಟಿನ ಬಾಯಲ್ಲಿ ಉಪ್ಪಿನ ಗಟ್ಟಿಯೊಂದಿಗೆ ಸೇರಿಕೊಂಡಿತ್ತು. ಅದನ್ನು ತೆಗೆಯದೆ ಹೊಸ ಇಂಪೆಲ್ಲರ್ ಹಾಕಿದ್ದರೆ ನೀರು ತೊಟ್ಟಿಕ್ಕುತ್ತಿತ್ತು ಅಷ್ಟೇ. ಮೋಟಾರ್ ದಡದಲ್ಲಿ ಚೆನ್ನಾಗಿ ಓಡಿ ಅರ್ಧ ಗಂಟೆಯ ಮೇಲೆ, ಅಂದರೆ ದೋಣಿ ಸರಿಯಾಗಿ ಕಡಲ ನಡುವೆ ಇರುವಾಗ, ಬಿಸಿಯಾಗಿ ಹಿಡಿದುಕೊಳ್ಳುತ್ತಿತ್ತು.

ಉಪ್ಪಿನ ಗಟ್ಟಿ ಕರಗಲು ಬಿಸಿನೀರು, ವಿನೆಗರ್ ಸಾಕಾಯಿತು. ಮೋಟಾರಿನ ಬಿಡಿಭಾಗಗಳಲ್ಲಿ ಅಗ್ಗದವುಗಳಲ್ಲಿ ಈ ಇಂಪೆಲ್ಲರೂ ಒಂದು. ವರ್ಷಕ್ಕೊಮ್ಮೆ ಸೀಸನ್ನಿಗೆ ಮೊದಲು ಬದಲಾಯಿಸಬೇಕು, ಚೆನ್ನಾಗಿ ಕಂಡರೂ ಬದಲಾಯಿಸಬೇಕು. ನೀರಿಲ್ಲದೆ ಮೋಟಾರ್ ಓಡಿಸಿದರೆ ಅರ್ಧ ನಿಮಿಷದಲ್ಲಿ ಇದು ಸುಟ್ಟುಹೋಗುತ್ತದೆ. ಮಾರುವವರು ಅಂಗಳದಲ್ಲಿ ಹಗ್ಗ ಎಳೆದು "ನೋಡಿ, ಹೇಗೆ ಓಡುತ್ತದೆ" ಎಂದು ತೋರಿಸಿದರೆ ಒಪ್ಪಬೇಡಿ. ಡ್ರಮ್ಮಿನ ನೀರಿನಲ್ಲಿ ಇಟ್ಟು ತೋರಿಸಲು ಹೇಳಿ.

ಬಲೆಯ ನೂಲು, ಹಾಲಿನ ಬಣ್ಣದ ಎಣ್ಣೆ

ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿದಾಗ ಹಾಲು ಹಾಕಿದ ಚಾಯದ ಬಣ್ಣದ ಎಣ್ಣೆ ಇಳಿಯಿತು. ಹಾಗೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಪ್ರೊಪೆಲ್ಲರ್ ಕಳಚಿ ನೋಡಿದರೆ ಅದರ ಹಿಂದೆ ಶಾಫ್ಟಿಗೆ ನೈಲಾನ್ ಬಲೆಯ ನೂಲು ಸುತ್ತಿ ಸುತ್ತಿ ಬಳೆಯಂತಾಗಿತ್ತು. ತಿರುಗುವ ನೂಲು ರಬ್ಬರ್ ಸೀಲನ್ನು ಬ್ಲೇಡಿನ ಹಾಗೆ ಕೊಯ್ದಿತ್ತು. ಅಲ್ಲಿಂದಲೇ ನೀರು ಒಳಹೋದದ್ದು. ಬಲೆ ಬೀಸುವ ದೋಣಿಗಳಲ್ಲಿ ಇದು ತಪ್ಪಿದ್ದಲ್ಲ. ಅದಕ್ಕೆ ಸೀಸನ್ನಿನಲ್ಲಿ ಹದಿನೈದು ದಿನಕ್ಕೊಮ್ಮೆ ಪ್ರೊಪೆಲ್ಲರ್ ಕಳಚಿ ಹಿಂದೆ ನೋಡುವುದು ಒಳ್ಳೆಯದು. ಹತ್ತು ನಿಮಿಷದ ಕೆಲಸ.

ಸೀಲ್ ಬದಲಾಯಿಸಿ ಹೊಸ ಗೇರ್ ಆಯಿಲ್ ತುಂಬಿಸಿದೆವು. ಇದನ್ನು ಕೆಳಗಿನ ತೂತಿನಿಂದ ಒತ್ತಿ ತುಂಬಿಸುತ್ತಾ ಹೋಗಬೇಕು. ಮೇಲಿನ ತೂತಿನಿಂದ ಎಣ್ಣೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದ್ದು. ಮೇಲಿನಿಂದ ಸುರಿದರೆ ಒಳಗೆ ಗಾಳಿ ನಿಲ್ಲುತ್ತದೆ.

ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಒಂದು ಸಣ್ಣ ಪಿನ್ ಹಳೆಯ ಮೋಟಾರುಗಳಲ್ಲಿ ಇರುತ್ತದೆ. ಕಲ್ಲಿಗೋ ಮರಕ್ಕೋ ಹೊಡೆದಾಗ ಗೇರ್ ಉಳಿಯಲಿ ಎಂದು ಆ ಪಿನ್ ತುಂಡಾಗುತ್ತದೆ. ಮೋಟಾರ್ ಓಡುತ್ತಲೇ ಇರುತ್ತದೆ, ದೋಣಿ ಮಾತ್ರ ಹೋಗುವುದಿಲ್ಲ. ಎರಡು ಪಿನ್, ಒಂದು ಕಟಿಂಗ್ ಪ್ಲೇಯರ್, ಪ್ಲಗ್ ಬಿಚ್ಚುವ ಪಾನಾ ಇವಿಷ್ಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೋಟಾರಿಗೇ ಕಟ್ಟಿಬಿಟ್ಟೆವು.

ಎಣ್ಣೆಯ ದಾರಿ

ಕಾರ್ಬುರೇಟರ್ ಒಳಗೆ ಹಳೆಯ ಚಿಮಿಣಿ ಎಣ್ಣೆ ಅಂಟು ಅಂಟಾಗಿ ಒಣಗಿತ್ತು. ಜೆಟ್ಟಿನ ತೂತಿಗೆ ತಂತಿ ಹಾಕಬಾರದು, ತೂತು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ನೆನೆಹಾಕಿ ಗಾಳಿ ಹೊಡೆದು ಬಿಡಿಸಿದೆವು. ಪಂಪಿನ ಡಯಾಫ್ರಂ, ಫ್ಲೋಟ್ ನೀಡಲ್, ಟ್ಯಾಂಕಿನಿಂದ ಬರುವ ಪೈಪು, ಕೈಯಲ್ಲಿ ಒತ್ತುವ ಬಲ್ಬ್ ಎಲ್ಲ ಹೊಸತು. ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಗಾಳಿ ಎಳೆಯುತ್ತದೆ. ಮೆಲ್ಲಗೆ ಓಡುವಾಗ ಗೊತ್ತಾಗುವುದಿಲ್ಲ, ಫುಲ್ ಥ್ರಾಟಲ್ ಕೊಟ್ಟಾಗ ನಿಲ್ಲುತ್ತದೆ. ಅಳಿವೆ ದಾಟುವಾಗ ಕೊಡುವುದು ಫುಲ್ ಥ್ರಾಟಲೇ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಹಳೆಯ ಮೋಟಾರಿನ ರಬ್ಬರ್ ಭಾಗಗಳನ್ನು ಹೊಸ ಬಗೆಯವಕ್ಕೆ ಬದಲಾಯಿಸುವುದು ಕ್ಷೇಮ. ಸ್ಟಾರ್ಟಿಂಗಿಗೆ ಬೇಕಾದ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಡಬೇಡಿ.

ಟೂ ಸ್ಟ್ರೋಕ್ ಮೋಟಾರಿನಲ್ಲಿ ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಆಯಿಲ್ ಇಂಧನದಲ್ಲಿ ಬೆರೆಸಿದ್ದು ಮಾತ್ರ. ಅಳತೆ ಮೋಟಾರಿನ ಪುಸ್ತಕದಲ್ಲಿ ಹೇಳಿದ ಹಾಗೆ. ಪುಸ್ತಕ 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ಕಣ್ಣಂದಾಜು ಬೇಡ, ಔಷಧಿಯ ಮುಚ್ಚಳವಾದರೂ ಸರಿ, ಅಳೆದು ಹಾಕಿ. ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರುವುದನ್ನು ನೋಡಿ ತೆಗೆದುಕೊಳ್ಳಿ, ಅದು ನೀರಿನಿಂದ ತಣಿಯುವ ಮೋಟಾರುಗಳಿಗೆಂದೇ ಮಾಡಿದ್ದು.

ಘಟ್ಟದ ಗಾಳಿ, ಕಡಲ ಗಾಳಿ

ಇನ್ನೂರು ಲೀಟರಿನ ಡ್ರಮ್ಮಿಗೆ ನೀರು ತುಂಬಿಸಿ, ಪ್ರೊಪೆಲ್ಲರ್ ತೆಗೆದು, ನೀರಿನ ಪಂಪ್ ಪೂರ್ತಿ ಮುಳುಗುವಂತೆ ಮೋಟಾರ್ ಇಳಿಸಿ ಹಗ್ಗ ಎಳೆದೆವು. ಆರನೆಯ ಎಳೆತಕ್ಕೆ ಎದ್ದಿತು. ಹಿಂಬದಿಯಿಂದ ನೀರು ಚಿಮ್ಮಿತು. ನೋಡಲು ನಿಂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಇದನ್ನು ಶಟರ್ ಒಳಗೆ ಮಾಡಬೇಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ತಿಳಿಯದ ಹಾಗೆ ಪ್ರಾಣ ತೆಗೆಯುತ್ತದೆ.

ಗೊರೂರಿನ ಹೇಮಾವತಿ ಹಿನ್ನೀರಿಗೆ, ಮುಳುಗಿದ ಶೆಟ್ಟಿಹಳ್ಳಿ ಇಗರ್ಜಿಯ ಹತ್ತಿರ ಒಯ್ದು ಓಡಿಸಿ ನೋಡೋಣ ಎಂದು ಹುಡುಗರು ಹೇಳಿದರು. ಅಣೆಕಟ್ಟಿನ ನೀರಿನಲ್ಲಿ ಅನುಮತಿ ಇಲ್ಲದೆ ಮೋಟಾರ್ ಇಳಿಸುವಂತಿಲ್ಲ. ಒಯ್ದರೂ ಅಲ್ಲಿಯ ಪರೀಕ್ಷೆ ಕಡಲಿಗೆ ಪ್ರಯೋಜನವಿಲ್ಲ. ಅದು ಹೇಗೆಂದು ಡ್ರಮ್ಮಿನಲ್ಲೇ ಗೊತ್ತಾಯಿತು.

ಮೋಟಾರ್ ಓಡುತ್ತಿತ್ತು, ಆದರೆ ಹೊಗೆ ಹೆಚ್ಚು, ಸದ್ದು ಸ್ವಲ್ಪ ತೊದಲು. ಇಂಧನ ಜಾಸ್ತಿ ಹೋಗುವ ಲಕ್ಷಣ. ಪಂಪ್‌ಸೆಟ್ ಆಗಿದ್ದರೆ ಒಂದು ನಂಬರ್ ಸಣ್ಣ ಜೆಟ್ ಹಾಕುತ್ತಿದ್ದೆವು. ತಮ್ಮ ಸಣ್ಣ ಜೆಟ್ ಕೈಯಲ್ಲಿ ಹಿಡಿದೇ ಕಾಕನಿಗೆ ಫೋನ್ ಮಾಡಿದ.

"ಕಾಕ, ಜೆಟ್ ಸಣ್ಣದು ಮಾಡಲಾ?"

"ನೀವು ಎಷ್ಟು ಎತ್ತರದಲ್ಲಿದ್ದೀರಿ ಮಾರಾಯ?"

ಹಾಸನದ ಸೀಮೆ ಕಡಲ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ. ಇಲ್ಲಿ ಗಾಳಿ ಕಡಲ ಬದಿಗಿಂತ ಸುಮಾರು ಹತ್ತು ಪರ್ಸೆಂಟ್ ತೆಳು. ಕಡಲ ಮಟ್ಟಕ್ಕೆಂದು ಮಾಡಿದ ಕಾರ್ಬುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಎಣ್ಣೆ ಹೆಚ್ಚು ಕೊಡುತ್ತದೆ. ಅದಕ್ಕೇ ಹೊಗೆ. ದುದ್ದದಲ್ಲಿ ನಯವಾಗಿ ಓಡುವಂತೆ ಜೆಟ್ ಸಣ್ಣದು ಮಾಡಿ ಕಳಿಸಿದರೆ ಉಳ್ಳಾಲದ ದಪ್ಪ ಗಾಳಿಯಲ್ಲಿ ಎಣ್ಣೆ ಸಾಲುವುದಿಲ್ಲ. ಎಣ್ಣೆ ಕಡಿಮೆಯಾದರೆ ಅದರೊಳಗಿನ ಆಯಿಲೂ ಕಡಿಮೆ. ಪಿಸ್ಟನ್ ಬಿಸಿಯೇರಿ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಅದೂ ಫುಲ್ ಥ್ರಾಟಲಿನಲ್ಲಿ.

ಜೆಟ್ ಮುಟ್ಟಲಿಲ್ಲ. ಮಿಶ್ರಣದ ಸ್ಕ್ರೂವನ್ನು ಪುಸ್ತಕದಲ್ಲಿ ಹೇಳಿದಷ್ಟೇ ಸುತ್ತಿಗೆ ಇಟ್ಟು, ಅದರ ಮೇಲೆ ಬಿಳಿ ಪೇಂಟಿನ ಗೆರೆ ಎಳೆದು ಬಿಟ್ಟೆವು. ಉಳಿದದ್ದು ಕಡಲ ಬದಿಯಲ್ಲಿ. ಹೊರಮೈಗೆ ಬಣ್ಣ ಹೊಡೆದದ್ದು ಇದೆಲ್ಲ ಆದ ಮೇಲೆ, ಕೊನೆಗೆ. ಮಾಮನ ಕಾಲದ ಅದೇ ಬಣ್ಣ, ಅದೇ ಜಾಗದಲ್ಲಿ ದೋಣಿಯ ನಂಬರ್.

ಹೊಳೆಯಲ್ಲಿ ಮೂರು ದಿನ

ಮೋಟಾರ್ ಘಾಟಿ ಇಳಿದ ಮೇಲೆ ಮೂರು ದಿನ ನೇತ್ರಾವತಿಯ ಹೊಳೆಯೊಳಗೇ ಓಡಿತು. ಮೊದಲ ದಿನ ಖಾಲಿ ದೋಣಿ, ಅರ್ಧ ಗಂಟೆ. ಎರಡನೆಯ ದಿನ ನಾಲ್ಕು ಜನ, ಒಂದು ಗಂಟೆ. ಮೂರನೆಯ ದಿನ ಬಲೆ, ಐಸು, ಜನ ಎಲ್ಲ ಸೇರಿ ಎರಡು ಗಂಟೆ, ಅದರಲ್ಲಿ ಹೆಚ್ಚಿನ ಹೊತ್ತು ಹರಿವಿಗೆ ಎದುರು. ಪ್ರತಿದಿನ ಪ್ಲಗ್ ಬಿಚ್ಚಿ ಬಣ್ಣ ನೋಡಿದರು. ಕಂದು ಬಣ್ಣ ಒಳ್ಳೆಯದು, ಬಿಳಿಚಿದ್ದರೆ ಅಪಾಯ, ಕಪ್ಪು ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚು. ಎರಡನೆಯ ದಿನ ಮೇಸ್ತ್ರಿ ಕಾಕ ತಾವೇ ದೋಣಿಯಲ್ಲಿ ಕುಳಿತು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಮೂರನೆಯ ದಿನ ಸಂಜೆ, "ಇನ್ನು ಹೋಗಬಹುದು" ಎಂದರು. ಉಮ್ಮ ಅಲ್ಲಿಯವರೆಗೆ ಮಾಮನ ಮಗನಿಗೆ ಕಡಲಿಗೆ ಹೋಗು ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಮೋಟಾರ್ ಎಷ್ಟೇ ಚೆನ್ನಾಗಿದ್ದರೂ ದೋಣಿಯಲ್ಲಿ ಹುಟ್ಟು ಇರಲೇಬೇಕು, ಲಂಗರು ಮತ್ತು ಉದ್ದ ಹಗ್ಗ ಇರಬೇಕು, ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಬೇಕು. ಕಡಲಲ್ಲಿ ಕಷ್ಟಕ್ಕೆ ಸಿಕ್ಕಿದರೆ ಕೋಸ್ಟ್ ಗಾರ್ಡಿನ ನಂಬರ್ 1554. ಮನೆಯಲ್ಲಿರುವವರೂ ಅದನ್ನು ಬರೆದಿಟ್ಟುಕೊಳ್ಳಿ.

ಖರ್ಚಿನ ವಿಷಯ ಹೇಳದಿದ್ದರೆ ಲೇಖನ ಅರ್ಧವೇ. ನಮ್ಮ ಕೂಲಿ ಬಿಟ್ಟು, ಬಿಡಿಭಾಗ, ಲಾರಿ ಬಾಡಿಗೆ, ಆಯಿಲ್, ಪೇಂಟ್ ಎಲ್ಲ ಸೇರಿ ಹೊಸ ಮೋಟಾರಿನ ಬೆಲೆಯ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಆಯಿತು. ಎಲ್ಲ ಹಳೆಯ ಮೋಟಾರಿಗೂ ಇದೇ ಲೆಕ್ಕ ಎಂದುಕೊಳ್ಳಬೇಡಿ. ಕ್ರ್ಯಾಂಕ್ ಬೇರಿಂಗ್ ಸದ್ದು ಮಾಡುತ್ತಿದ್ದರೆ, ಉಪ್ಪುನೀರು ಸಿಲಿಂಡರಿನ ಗೋಡೆಯನ್ನೇ ತೂತು ಮಾಡಿದ್ದರೆ, ದೋಣಿಗೆ ಹಿಡಿಯುವ ಬ್ರಾಕೆಟ್ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಬೆಸುಗೆ ಹಾಕಿ ಬಣ್ಣ ಬಳಿದು ಬೇರೆಯವರಿಗೆ ಮಾರಬೇಡಿ. ಅದನ್ನು ಕೊಂಡವನೂ ಅದೇ ಅಳಿವೆಯನ್ನು ದಾಟುವವನು. ಅಂಥ ಮೋಟಾರಿನ ಒಳ್ಳೆಯ ಬಿಡಿಭಾಗಗಳನ್ನು ಕಳಚಿ ಇಟ್ಟರೆ ಇನ್ನೊಂದು ಮೋಟಾರ್ ಬದುಕುತ್ತದೆ.

ಕೊನೆಯ ಒಂದು ಕೆಲಸ ಮನೆಯವರೆಲ್ಲ ಮಾಡಬಹುದಾದದ್ದು. ಕಡಲಿಂದ ಬಂದ ಪ್ರತಿ ಸಲ ಮೋಟಾರನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಸಿ ಹತ್ತು ನಿಮಿಷ ಓಡಿಸಬೇಕು. ಹೊರಮೈಗೂ ನೀರು ಹೊಯ್ದು ಒರೆಸಿ, ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಬಸಿದು ಹೋಗಲು ಬಿಡಬೇಕು. ದಣಿದು ಬಂದವನು ನಾಳೆ ನೋಡುವ ಎಂದು ಗೋಣಿ ಹೊದಿಸಿ ಮಲಗುತ್ತಾನೆ. ಮಾಮನ ಮೋಟಾರಿನೊಳಗೆ ಸಿಕ್ಕಿದ ಉಪ್ಪಿನ ಗಟ್ಟಿ ಅಂಥ ನಾಳೆಗಳದ್ದು. ಈಗ ಅಲ್ಲಿ ಮಾಮಿ ಬಾವಿಕಟ್ಟೆಯ ಹತ್ತಿರ ಒಂದು ಡ್ರಮ್ ತುಂಬಿಸಿಟ್ಟಿರುತ್ತಾರೆ. ಮೋಟಾರ್ ಡ್ರಮ್ಮಿಗೆ ಇಳಿಯದೆ ಮಗನಿಗೆ ಚಾಯ ಕೊಡುವುದಿಲ್ಲವಂತೆ.